ಕಡತದೊಳಗಿನ ಕಳ್ಳ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಹಿಂದೆ ಉರ್ದು ಪತ್ರಿಕೆ, ಪುಸ್ತಕಗಳನ್ನು ಕಾತಿಬರು ಕೈಯಿಂದಲೇ ಬರೆದುಕೊಡುತ್ತಿದ್ದರು. 1994ರಲ್ಲಿ ದೆಹಲಿಯ ಕಂಪನಿಯೊಂದು ಇನ್‌ಪೇಜ್ ತಂದ ಮೇಲೆ ಆ ಕೆಲಸ ಕಂಪ್ಯೂಟರಿಗೆ ಬಂತು. ಹಟ್ಟಿಯಲ್ಲಿ ಕೂತು ನಾನು ಉರ್ದು ಪ್ರಶ್ನೆಪತ್ರಿಕೆ ತಯಾರಿಸುವುದೂ ಅದರಲ್ಲೇ. ಆ ಇನ್‌ಪೇಜ್ ಕಡತವೇ ಕಳ್ಳರ ಆಯುಧವಾಗಿತ್ತೆಂದರೆ ನಂಬುತ್ತೀರಾ?

2016ರ ನವೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು ಇದನ್ನು ಬಯಲಿಗೆ ತಂದರು. ಏಷ್ಯಾ, ಆಫ್ರಿಕಾಗಳ ಕೆಲವು ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಿಗೆ ಇ-ಮೇಲ್‌ನಲ್ಲಿ ಇಂಥ ಕಡತಗಳು ಹೋಗಿದ್ದವು. 2018ರಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ದಾಳಿಯನ್ನು ವರದಿ ಮಾಡಿತು. ಅದರಲ್ಲಿ ಗುರಿಯಾದವರ ಮುಕ್ಕಾಲು ಪಾಲಿಗೂ ಹೆಚ್ಚು ಪಾಕಿಸ್ತಾನದಲ್ಲಿದ್ದರು. ಯಾರು ಯಾವ ತಂತ್ರಾಂಶ ಬಳಸುತ್ತಾರೆಂದು ತಿಳಿದೇ ಕಳ್ಳ ಬರುತ್ತಾನೆ.

"ಸರ್, ಬರೀ ಓದುವ ಕಾಗದ ಹೇಗೆ ಕಳ್ಳತನ ಮಾಡುತ್ತದೆ?" ಎಂದು ನನ್ನ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕಡತವನ್ನು ಮೊದಲು ಓದುವುದು ನಾವಲ್ಲ, ತಂತ್ರಾಂಶ. ಹತ್ತು ಅಕ್ಷರದ ಜಾಗಕ್ಕೆ ನೂರು ಅಕ್ಷರ ಬಂದರೆ ಅದು ತಡೆಯಬೇಕು. ತಡೆಯದಿದ್ದರೆ ಮಿಕ್ಕದ್ದು ಪಕ್ಕದ ಜಾಗಕ್ಕೆ ಚೆಲ್ಲುತ್ತದೆ. ಅದನ್ನು ಜಾಣತನದಿಂದ ಹೆಣೆದಿದ್ದರೆ ಕಂಪ್ಯೂಟರ್ ಅದನ್ನೇ ಆಜ್ಞೆಯೆಂದು ಪಾಲಿಸುತ್ತದೆ. ಗಣಿತದ ಮೇಷ್ಟ್ರುಗಳು ವರ್ಡ್‌ನಲ್ಲಿ ಸಮೀಕರಣ ಬರೆಯುತ್ತಿದ್ದ ಹಳೆಯ ಸಲಕರಣೆ 2000ದಲ್ಲಿ ತಯಾರಾದದ್ದು. ಇಂಥದೇ ದೋಷವನ್ನು 17 ವರ್ಷ ಹೊತ್ತುಕೊಂಡಿತ್ತು. 2017ರ ನವೆಂಬರ್‌ನಲ್ಲಿ ತಿದ್ದುಪಡಿ ಬಂತು, 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಸಲಕರಣೆಯನ್ನೇ ತೆಗೆದುಹಾಕಿತು. ನವೀಕರಿಸದ ಕಂಪ್ಯೂಟರುಗಳಲ್ಲಿ ಮಾತ್ರ ಅದು ಹಾಗೇ ಕೂತಿದೆ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಬೇರೊಬ್ಬರ ಪೆನ್‌ಡ್ರೈವ್‌ನಿಂದ ಪಡೆದ ಇನ್‌ಪೇಜಿನ ಕಳ್ಳ ಪ್ರತಿಯನ್ನೇ ನಾನು ಬಹಳ ವರ್ಷ ಬಳಸಿದೆ. ಮಕ್ಕಳಿಗೆ ಹಲಾಲ್-ಹರಾಮ್ ಹೇಳಿಕೊಡುವ ನಾನೇ! ಅಂಥ ಪ್ರತಿಗೆ ತಿದ್ದುಪಡಿಗಳು ಬರುವುದಿಲ್ಲ; ಅದರೊಳಗೆ ಮೊದಲೇ ಏನು ಸೇರಿಸಿದ್ದಾರೋ ಬಲ್ಲವರಾರು?

ನಮ್ಮಲ್ಲಿ ಕದಿಯುವಂಥದ್ದೇನಿದೆ ಎನ್ನಬೇಡಿ. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಮಕ್ಕಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ತಂದೆಯ ಆದಾಯ ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಒಂದೇ ನೆಟ್‌ವರ್ಕಿನಲ್ಲಿ ಒಬ್ಬರು ಕೆಟ್ಟ ಕಡತ ತೆರೆದರೆ ಪಕ್ಕದ ಕಂಪ್ಯೂಟರಿಗೂ ದಾರಿಯಾಗಬಹುದು. ಆದ್ದರಿಂದ ಅರ್ಜಿಗಳ ಕಂಪ್ಯೂಟರನ್ನು ವಿದ್ಯಾರ್ಥಿಗಳು ಬಳಸುವ ನೆಟ್‌ವರ್ಕಿನಿಂದ ಬೇರೆ ಇಡಬೇಕು. ದಿನದ ಕೆಲಸಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಕೇಳದೆ ಬಂದ ಕಡತವನ್ನು ತೆರೆಯುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಪರಿಚಿತರ ಹೆಸರಿದ್ದರೂ ಸರಿ. ವರ್ಡ್ ಹಳದಿ ಪಟ್ಟಿ ತೋರಿಸಿ ಎಚ್ಚರಿಸಿದಾಗ ಅವಸರದಲ್ಲಿ "ಎನೇಬಲ್" ಒತ್ತಬೇಡಿ. ಅನುಮಾನ ಬಂದರೆ ಮೊದಲು ನೆಟ್‌ವರ್ಕ್ ತಂತಿ ಕಿತ್ತುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮುಖ್ಯ ದಾಖಲೆಗಳ ಇನ್ನೊಂದು ಪ್ರತಿ, ಕಂಪ್ಯೂಟರಿಗೆ ಜೋಡಿಸದ ಡಿಸ್ಕಿನಲ್ಲಿ, ಬೀರುವಿನಲ್ಲಿರಲಿ.

ಕಚೇರಿಗೆ ಅಸಲಿ ಇನ್‌ಪೇಜ್ ಖರೀದಿಸಲು ಈ ವರ್ಷದ ಖರ್ಚಿನಲ್ಲಿ ಹಣ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ನನ್ನ ಹಳೆಯ ಪ್ರತಿಯನ್ನು ಅಳಿಸಿದ್ದೇನೆ.