ಬ್ಲಾಗ್: ಸ್ವರೂಪ ಮತ್ತು ಬಳಕೆ

ದಿನಾಂಕ ಹೊತ್ತ ಬರಹಗಳು ಒಂದರ ಮೇಲೊಂದು ಸೇರುತ್ತ, ತೀರಾ ಈಚಿನದು ಎಲ್ಲಕ್ಕಿಂತ ಮೇಲೆ ಕಾಣುವ ಜಾಲತಾಣವೇ ಬ್ಲಾಗ್. ಪ್ರತಿ ಬರಹಕ್ಕೂ ತನ್ನದೇ ಸ್ಥಿರ ವಿಳಾಸವಿರುತ್ತದೆ, ಸಾಮಾನ್ಯವಾಗಿ ಕೆಳಗೆ ಓದುಗರ ಪ್ರತಿಕ್ರಿಯೆಗೂ ಜಾಗವಿರುತ್ತದೆ. ಇವೆಲ್ಲ ಹೊರ ಲಕ್ಷಣಗಳು. ಬರೆದವರೇ ಪ್ರಕಟಿಸುತ್ತಾರೆ, ನಡುವೆ ಸಂಪಾದಕರಿಲ್ಲ ಎಂಬುದು ಒಳಗಿನ ಲಕ್ಷಣ. ಬ್ಲಾಗಿನ ಬಲ, ದೌರ್ಬಲ್ಯ ಎರಡೂ ಹುಟ್ಟುವುದು ಇದರಿಂದಲೇ.

ಅಮೆರಿಕದ ವಿದ್ಯಾರ್ಥಿ ಜಸ್ಟಿನ್ ಹಾಲ್ 1994ರಲ್ಲಿ ತನ್ನ ದಿನಚರಿಯನ್ನು ಅಂತರ್ಜಾಲಕ್ಕೆ ಏರಿಸತೊಡಗಿದಾಗ ಪುಟದ ಸಂಕೇತಗಳನ್ನೆಲ್ಲ ಕೈಯಾರೆ ಬರೆಯಬೇಕಿತ್ತು. 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಎಂಬ ಬ್ಲಾಗ್ ಸಾಧನಗಳು ಬಂದ ಮೇಲೆ ಆ ತೊಡಕು ಹೋಯಿತು. ಪೆಟ್ಟಿಗೆಯೊಳಗೆ ಬರೆದು ಗುಂಡಿ ಒತ್ತಿದರೆ ಬರಹ ಪ್ರಕಟ.

ಕನ್ನಡಕ್ಕೆ ಮಾತ್ರ ಬೇರೆಯೇ ತೊಡಕಿತ್ತು. ಕನ್ನಡ ಟೈಪಿಸುವ 'ನುಡಿ', 'ಬರಹ' ತಂತ್ರಾಂಶಗಳು ಮೊದಮೊದಲು ತಮ್ಮದೇ ಫಾಂಟುಗಳನ್ನು ನೆಚ್ಚಿಕೊಂಡಿದ್ದವು. ಓದುವವರ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುತ್ತಿದ್ದವು. 2001ರ ವಿಂಡೋಸ್ ಎಕ್ಸ್‌ಪಿ, ಎಲ್ಲ ಗಣಕಗಳಿಗೂ ಒಂದೇ ಆದ ಯುನಿಕೋಡ್ ಸಂಕೇತದ ಕನ್ನಡವನ್ನು ತೋರಿಸಬಲ್ಲದಾಗಿತ್ತು, ಆದರೂ ಆ ಸೌಲಭ್ಯವನ್ನು ಬಳಕೆದಾರರೇ ಹುಡುಕಿ ಸೇರಿಸಿಕೊಳ್ಳಬೇಕಿತ್ತು. ಹೀಗಾಗಿ ಕನ್ನಡ ಬ್ಲಾಗುಗಳಿಗೆ ಕಳೆ ಬಂದದ್ದು ಆ ದಶಕದ ನಡುಭಾಗದ ನಂತರ. ಮೊದಲ ಬ್ಲಾಗಿಗರಲ್ಲಿ ಬೆಂಗಳೂರು ಮತ್ತು ಹೊರದೇಶಗಳ ತಂತ್ರಾಂಶ ಉದ್ಯೋಗಿಗಳು ಎದ್ದು ಕಂಡದ್ದು ಸಹಜವೇ.

ಹೆಚ್ಚಿನವರು ಬ್ಲಾಗನ್ನು ಬಳಸಿದ್ದು ಮನಸ್ಸಿಗೆ ತೋಚಿದ್ದನ್ನು ಬರೆಯಲು: ಊರಿನ ನೆನಪು, ಪ್ರವಾಸ, ಕವಿತೆ, ಸಿನಿಮಾ. ಪತ್ರಿಕೆಗೆ ಕಳಿಸಿ ತಿಂಗಳುಗಟ್ಟಲೆ ಕಾಯುವ ಗೋಜಿಲ್ಲದ ಕಾರಣ ಹೊಸ ಲೇಖಕರಿಗೆ ಅದು ಅಭ್ಯಾಸದ ಅಂಗಳವೂ ಆಯಿತು. ತಿದ್ದುವವರಿಲ್ಲದೆ ಎಷ್ಟೋ ಬರಹಗಳು ಹಸಿಯಾಗಿಯೇ ಉಳಿದವು ಎಂಬುದೂ ನಿಜ. ಅಡುಗೆ ಬ್ಲಾಗುಗಳದು ಪ್ರತ್ಯೇಕ ಲೋಕ. ನ್ಯೂಯಾರ್ಕಿನ ಜೂಲಿ ಪೊವೆಲ್ 2002ರಲ್ಲಿ ಜೂಲಿಯಾ ಚೈಲ್ಡ್ ಅವರ ಫ್ರೆಂಚ್ ಅಡುಗೆ ಪುಸ್ತಕದ 524 ಪಾಕಗಳನ್ನು ಒಂದೇ ವರ್ಷದಲ್ಲಿ ಮಾಡಿ ಮುಗಿಸುವ ಪಣ ತೊಟ್ಟು ಬರೆದ ಬ್ಲಾಗ್ ಮುಂದೆ ಪುಸ್ತಕವಾಯಿತು, 2009ರಲ್ಲಿ ಚಲನಚಿತ್ರಕ್ಕೂ ಆಧಾರವಾಯಿತು.

ಸುದ್ದಿಗಾರರು ತಲುಪಲಾಗದ ಕಡೆ ಬ್ಲಾಗ್ ವರದಿಯ ಕೆಲಸ ಮಾಡಿದೆ. 2003ರ ಇರಾಕ್ ಯುದ್ಧದ ವೇಳೆ ಸಲಾಮ್ ಪ್ಯಾಕ್ಸ್ ಎಂಬ ಗುಪ್ತನಾಮದ ಬಾಗ್ದಾದ್ ನಿವಾಸಿಯೊಬ್ಬರು ಬಾಂಬ್ ದಾಳಿಗೊಳಗಾದ ನಗರದ ದಿನಗಳನ್ನು ಅಲ್ಲಿಂದಲೇ ಬರೆದರು. 2004ರ ಡಿಸೆಂಬರಿನ ಸುನಾಮಿಯ ನಂತರ ಹಲವರು ಸೇರಿ ನಡೆಸಿದ ಬ್ಲಾಗೊಂದು ನೆರವಿನ ಮಾಹಿತಿಯನ್ನು ಒಂದೆಡೆ ಕೂಡಿಹಾಕಿತು.

ಬ್ಲಾಗಿನ ಅಚ್ಚರಿಯ ಬಳಕೆ ಕಂಡದ್ದು ಗಣಿತದಲ್ಲಿ. ಕೇಂಬ್ರಿಜ್‌ನ ಗಣಿತಜ್ಞ ತಿಮೊತಿ ಗವರ್ಸ್ 2009ರಲ್ಲಿ ಕಠಿಣ ಸಮಸ್ಯೆಯೊಂದನ್ನು ತಮ್ಮ ಬ್ಲಾಗಿನಲ್ಲಿಟ್ಟು, ಅರ್ಧಂಬರ್ಧ ಹೊಳಹುಗಳಿದ್ದರೂ ಸರಿ, ಕಮೆಂಟಿನಲ್ಲಿ ಹೇಳಿ ಎಂದು ಎಲ್ಲರನ್ನೂ ಕರೆದರು. 37 ದಿನಗಳಲ್ಲಿ 27 ಮಂದಿ ಸುಮಾರು 800 ಕಮೆಂಟು ಬರೆದು ದಾರಿ ಕಂಡುಕೊಂಡರು. ಪ್ರಬಂಧ ಅಚ್ಚಾದದ್ದು 'ಪಾಲಿಮ್ಯಾಥ್' ಎಂಬ ಸಾಮೂಹಿಕ ಹೆಸರಿನಲ್ಲಿ. ತಪ್ಪಿದ ಹೆಜ್ಜೆಗಳೂ ಬ್ಲಾಗಿನಲ್ಲಿ ದಿನಾಂಕದೊಡನೆ ಹಾಗೇ ಉಳಿದಿವೆ. ಅಚ್ಚಿನ ಪ್ರಬಂಧಗಳಲ್ಲಿ ಇಂಥವು ಕಾಣಸಿಗುವುದು ಅಪರೂಪ.

ಒಂದು ನಿಲುವಿನ ಪ್ರತಿಪಾದನೆಗೂ ಬ್ಲಾಗ್ ಒದಗುತ್ತದೆ. ಕನ್ನಡಪರ ಸಂಘಟನೆ ಬನವಾಸಿ ಬಳಗದ 'ಏನ್ ಗುರು ಕಾಫಿ ಆಯ್ತಾ?' ಎಂಬ ಬ್ಲಾಗ್ ಕನ್ನಡಿಗರ ಭಾಷಾ ಹಕ್ಕು, ಉದ್ಯೋಗ, ಗ್ರಾಹಕ ಸೇವೆಯಲ್ಲಿ ಕನ್ನಡ ಮೊದಲಾದ ವಿಷಯಗಳನ್ನು ಆಡುಮಾತಿಗೆ ಹತ್ತಿರದ ಶೈಲಿಯಲ್ಲಿ ಚರ್ಚಿಸಿತು. ಪತ್ರಕರ್ತ ಜಿ.ಎನ್. ಮೋಹನ್ ಅವರ 'ಅವಧಿ' ಬ್ಲಾಗಾಗಿ ಆರಂಭವಾಗಿ ಹಲವು ಲೇಖಕರ ಸಾಹಿತ್ಯ ತಾಣವಾಗಿ ಬೆಳೆಯಿತು. ಸಂಪಾದಕರಿಲ್ಲದ ಮಾಧ್ಯಮವೊಂದು ಹೀಗೆ ಮತ್ತೆ ಸಂಪಾದಕರನ್ನು ಕರೆತಂದದ್ದು ಸ್ವಾರಸ್ಯಕರ. ಕಂಪನಿಗಳ ಬ್ಲಾಗುಗಳು ಬಹುಪಾಲು ಪ್ರಚಾರದ ಹಾಳೆಗಳು, ಹೆಚ್ಚು ಹೇಳುವುದೇನಿಲ್ಲ.

ಫೇಸ್‌ಬುಕ್ ಹರಡಿದ ಮೇಲೆ ಬ್ಲಾಗಿಗರಲ್ಲಿ ಅನೇಕರು ಅತ್ತ ಹೋದರು. ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತುಹೋಯಿತು. ಆದರೂ ನಾಲ್ಕು ವರ್ಷ ಹಿಂದಿನ ಫೇಸ್‌ಬುಕ್ ಬರಹವನ್ನು ಹುಡುಕುವುದಕ್ಕಿಂತ ಹತ್ತು ವರ್ಷ ಹಿಂದಿನ ಬ್ಲಾಗ್ ಬರಹವನ್ನು ಹುಡುಕುವುದು ಸುಲಭ. ಹಾಗೆಂದು ಈ ಬಾಳಿಕೆಗೆ ಖಾತ್ರಿಯಿಲ್ಲ. ಜಾಗ ಕೊಟ್ಟ ಸಂಸ್ಥೆ ಬಾಗಿಲು ಹಾಕಿದರೆ ಬರಹವೂ ಹೋಗುತ್ತದೆ. ಬ್ಲಾಗುಗಳಿಗೆ ಜಾಗ ಕೊಟ್ಟಿದ್ದ ಯಾಹೂ 360 ಸೇವೆ 2009ರಲ್ಲಿ ಮುಚ್ಚಿತು. ಪ್ರತಿ ಉಳಿಸಿಕೊಳ್ಳಬಯಸುವವರಿಗೆ ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಎಲ್ಲ ಬರಹಗಳನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ವ್ಯವಸ್ಥೆಯಿದೆ.