ತೆನೆ ಹೊತ್ತ ಸೆರಗು



ಕನ್ನಡದಲ್ಲಿ ‘ತೆನೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಜೋಳದ ತೆನೆ. ಇನ್ನೊಂದು, ಕೋಟೆಗೋಡೆಯ ಮೇಲಂಚಿನ ತೆನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಟ್ಟುಬಂದ ಇಳಕಲ್ಲ ಸೀರೆಯ ಸೆರಗಿನಲ್ಲಿ ಇವೆರಡೂ ಉಂಟು. ಕೆಂಪು ನೆಲದ ಮೇಲೆ ಬಿಳಿ ಎಳೆಯಲ್ಲಿ ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು, ಹಣಿಗೆಯ ಹಲ್ಲು ಮೂಡುತ್ತವೆ. ಇದೇ ‘ಟೋಪತೆನಿ’ ಸೆರಗು.

ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಹುನಗುಂದ, ಇಳಕಲ್ಲ ಸೀಮೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲ ಒಂದೇ ವಿಜಾಪುರ ಜಿಲ್ಲೆಯಲ್ಲಿದ್ದವು. ಜಿಲ್ಲೆ ಎರಡಾದರೂ ಸೀರೆ ಒಂದೇ ಉಳಿಯಿತು.

ಈ ಸೀರೆಯ ನಿಜವಾದ ಗುಟ್ಟು ಚಿತ್ತಾರದಲ್ಲಿಲ್ಲ, ಹಾಸಿನಲ್ಲಿದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹೆಚ್ಚಾಗಿ ಹತ್ತಿಯದು, ಸೆರಗು ರೇಷ್ಮೆಯದು. ನೇಕಾರ ಮೈಯ ಎಳೆಯ ತುದಿಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸಿಲುಕಿಸುತ್ತಾನೆ. ಹೀಗೆ ಸಾವಿರಾರು ಎಳೆಗಳು ಕೂಡಬೇಕು. ಆದ್ದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಸೆರಗಿನ ಕೆಂಪು ಅಷ್ಟು ದಟ್ಟವಾಗಿ ಕಾಣುವುದಕ್ಕೆ ಕಾರಣವೂ ಇದೇ: ಮೈಯ ಬಣ್ಣದ ಎಳೆ ಅಲ್ಲಿಗೆ ಹಾಯುವುದೇ ಇಲ್ಲ.

ಈ ಬಗೆಯ ಜಾಣ್ಮೆಯನ್ನು ಬಹುದೂರದ ಇನ್ನೊಂದು ನಾಡೂ ಬಲ್ಲದಾಗಿತ್ತು. ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ನಾಸ್ಕಾ, ವಾರಿ ಕಾಲದ ನೇಕಾರರು ಬಣ್ಣ ಬದಲಾಗುವ ಕಡೆ ಹಾಸಿನ ಎಳೆಗಳನ್ನು ಒಂದಕ್ಕೊಂದು ಸಿಲುಕಿಸಿ ನೇಯುತ್ತಿದ್ದರು. ಒಬ್ಬರಿಂದ ಇನ್ನೊಬ್ಬರು ಕಲಿತದ್ದಲ್ಲ. ಬಣ್ಣ ಬೆರೆಯಬಾರದೆಂಬ ಹಟ ಎರಡೂ ಕಡೆ ಒಂದೇ ಬಗೆಯ ದಾರಿ ಹುಡುಕಿತು. ಅವರ ಬಟ್ಟೆಗಳನ್ನು ಪೆರುವಿನ ಒಣ ಮರಳುಗಾಡು ಕಾಪಾಡಿತು. ಅಲ್ಲಿನ ಪರಾಕಾಸ್ ಎಂಬಲ್ಲಿ 1927ರಲ್ಲಿ ಹೂಲಿಯೊ ಟೆಲೊ ಅಗೆದಾಗ, ಸುಮಾರು ಎರಡು ಸಾವಿರ ವರ್ಷ ಹಿಂದೆ ಕಸೂತಿ ಹಾಕಿದ ಹೊದಿಕೆಗಳು ಬಣ್ಣಸಹಿತ ದೊರೆತವು.

ನಮ್ಮ ಸೀಮೆಯಲ್ಲಿ ಬಟ್ಟೆ ಹಾಗೆ ಉಳಿಯುವುದಿಲ್ಲ. ಉಟ್ಟ ಸೀರೆ ಹಳತಾಗಿ ಕೌದಿಯಾಗುತ್ತದೆ, ಕೂಸಿನ ತೊಟ್ಟಿಲಿಗೆ ಹಾಸಾಗುತ್ತದೆ. ಇಲ್ಲಿ ಉಳಿಯಬೇಕಾದದ್ದು ನೇಯುವ ಕೈ. ವಿದ್ಯುತ್ ಮಗ್ಗದಲ್ಲಿ ಉದ್ದ ಹಾಸೊಂದನ್ನು ಹೂಡಿ ಸಾಲಾಗಿ ಸೀರೆ ಇಳಿಸಬಹುದು. ತೆನೆಯ ಚಿತ್ತಾರವನ್ನೂ ಅನುಕರಿಸಬಹುದು. ಎಳೆಎಳೆಗೆ ಕೊಂಡಿ ಹಾಕುವ ತಾಳ್ಮೆ ಮಾತ್ರ ಅದಕ್ಕಿಲ್ಲ. ಬೆಲೆ ಕಡಿಮೆಯೆಂದು ಕೊಳ್ಳುವವರು ಅದಕ್ಕೇ ಒಲಿದರೆ ಕುಣಿಮಗ್ಗದ ಮುಂದೆ ಮಗ ಕೂಡುವುದಿಲ್ಲ, ಕೊಂಡಿ ಹಾಕುವುದನ್ನು ಮಗಳು ಕಲಿಯುವುದಿಲ್ಲ.

ಸೀರೆ ಕೊಳ್ಳುವಾಗ ಸೆರಗು ಮೈಗೆ ಕೂಡುವ ಕಡೆ ತಿರುಗಿಸಿ ನೋಡಬೇಕು. ಬೆರಳಿಗೆ ಸಣ್ಣ ಕೊಂಡಿಗಳ ಸಾಲು ತಗಲಿದರೆ, ಅದು ಕೈಮಗ್ಗದವನ ರುಜು.