ಇಳಿಜಾರಿನ ಮಣ್ಣು, ಮೆಣಸಿನ ಪರಿಮಳ

(ಬೆಟ್ಟದ ಹಳ್ಳಿಗಳ ರೈತರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಡಿದಾದ ಇಳಿಜಾರಿನಲ್ಲಿ ಬೇಸಾಯ ಮಾಡುವವರಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಪ್ರಶ್ನೆ ಎದುರಾಗುತ್ತದೆ: ಮಳೆ ಕೆಳಗಿಳಿಸಿದ ಮಣ್ಣನ್ನು ಮತ್ತೆ ಮೇಲಕ್ಕೆ ಹೊರುವವರು ಯಾರು? ಸುಮಾರು ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಯೊಡನೆ ಬಾಳುತ್ತಿರುವ ಒಂದು ಬೆಟ್ಟದ ಕಥೆಯೇ ಇಂದಿನ ವಿಷಯ. ಆ ಬೆಟ್ಟ ಫ್ರಾನ್ಸ್ ದೇಶದಲ್ಲಿದೆ. ಅಲ್ಲಿನ ಬೆಳೆ ಸಿರಾಹ್ ಎಂಬ ಕಪ್ಪು ದ್ರಾಕ್ಷಿ. ಅದರಿಂದ ತಯಾರಾಗುವುದು ವೈನ್. ಮದ್ಯವನ್ನು ಹೊಗಳುವುದು ಈ ಮಾತಿನ ಉದ್ದೇಶವಲ್ಲ. ಕುಡಿತದಿಂದ ನೊಂದ ಮನೆಗಳು ಬೆಟ್ಟದ ಹಳ್ಳಿಗಳಲ್ಲಿಯೂ ಕಡಿಮೆಯಿಲ್ಲ. ಆದರೂ ಮಣ್ಣು, ತಂಪು ಹವೆ ಮತ್ತು ದುಡಿಯುವ ಕೈಗಳ ನಡುವಣ ನಂಟನ್ನು ಇಷ್ಟು ಸ್ಪಷ್ಟವಾಗಿ ತೋರುವ ಬೆಳೆಗಳು ವಿರಳ.

ಲಿಯಾನ್ ನಗರದ ದಕ್ಷಿಣಕ್ಕೆ, ರೋನ್ ನದಿಯ ಬಲದಂಡೆಯಲ್ಲಿ ಆಂಪ್ವೀ ಎಂಬ ಹಳ್ಳಿಯಿದೆ. ಅದರ ಬೆನ್ನಿಗೆ ಎದ್ದು ನಿಂತ ಬೆಟ್ಟದ ಹೆಸರು ಕೋತ್-ರೋತಿ, ಅಂದರೆ ‘ಸುಟ್ಟ ಇಳಿಜಾರು’. ಕೆಲವೆಡೆ ನೂರು ಅಡಿ ಮುಂದೆ ಸಾಗುವಷ್ಟರಲ್ಲಿ ಅರವತ್ತು ಅಡಿಗೂ ಮೀರಿ ಏರಬೇಕು. ಅಲ್ಲಿ ಟ್ರಾಕ್ಟರ್ ನಿಲ್ಲದು. ಅಭ್ರಕ ಮಿಶ್ರಿತ ಪದರಶಿಲೆಯ ಮೇಲೆ ತೆಳುವಾದ ಮಣ್ಣು. ಅದನ್ನು ಹಿಡಿದು ನಿಲ್ಲಿಸಲು ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಗೋಡೆಗಳು. ಗೋಡೆಯ ಸಂದಿನಿಂದ ನೀರು ಹರಿದುಹೋಗುತ್ತದೆ, ಮಣ್ಣು ಉಳಿಯುತ್ತದೆ. ಹೆಕ್ಟೇರಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಬಳ್ಳಿಗಳು. ಅವುಗಳನ್ನು ಗೂಟಗಳಿಗೆ ಕಟ್ಟಿ ಬೆಳೆಸುತ್ತಾರೆ. ಭಾರೀ ಮಳೆಯ ನಂತರ ಕೆಳಗೆ ಸೇರಿದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮೇಲಕ್ಕೆ ಸುರಿಯುವುದು ಅಲ್ಲಿನ ರೈತರಿಗೆ ತಲೆತಲಾಂತರದಿಂದ ಬಂದ ಕೆಲಸ.

ಸಿರಾಹ್‌ನ ಮೂಲದ ಬಗ್ಗೆ ದಂತಕಥೆಗಳಿದ್ದವು. ಇದಕ್ಕೆ ಶಿರಾಜ್ ಎಂಬ ಇನ್ನೊಂದು ಹೆಸರು ಇರುವುದರಿಂದ ಇದು ಇರಾನಿನ ಶಿರಾಜ್ ಪಟ್ಟಣದಿಂದ ಬಂದಿತೆಂದು ಬಹುಕಾಲ ನಂಬಲಾಗಿತ್ತು. 1998ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾರಲ್ ಮೆರೆಡಿತ್ ಹಾಗೂ ಫ್ರಾನ್ಸಿನ ವಿಜ್ಞಾನಿಗಳು ಡಿಎನ್ಎ ಪರೀಕ್ಷೆಯಿಂದ ಸತ್ಯವನ್ನು ಬಯಲಿಗೆಳೆದರು. ತಂದೆ ದುರೇಜಾ, ತಾಯಿ ಮೊಂದ್ಯೂಜ್ ಬ್ಲಾಂಷ್. ಎರಡೂ ಆಗ್ನೇಯ ಫ್ರಾನ್ಸಿನ ತಳಿಗಳೇ. ಇದೇ ದ್ರಾಕ್ಷಿ ಆಸ್ಟ್ರೇಲಿಯಾದಲ್ಲಿ ಶಿರಾಜ್ ಎನಿಸಿಕೊಂಡಿತು. ನಂದಿಬೆಟ್ಟದ ಸುತ್ತಲಿನ ತೋಟಗಳಲ್ಲಿಯೂ ಆ ಹೆಸರಿನಿಂದಲೇ ಬೆಳೆಯುತ್ತಿದೆ.

ತಂಪು ಪ್ರದೇಶದ ಸಿರಾಹ್‌ಗೆ ಒಂದು ವಿಶೇಷ ಗುಣವಿದೆ. ಅದರಲ್ಲಿ ಕಾಳುಮೆಣಸಿನ ಪರಿಮಳ ಸುಳಿಯುತ್ತದೆ. ಇದು ಕೇವಲ ಹೋಲಿಕೆಯ ಮಾತಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಪರಿಮಳಕ್ಕೆ ಕಾರಣ ರೊಟಂಡೋನ್ ಎಂಬ ವಸ್ತುವೆಂದೂ, ಮಲೆನಾಡಿನ ಮರಗಳಿಗೆ ಹಬ್ಬಿರುವ ಮೆಣಸಿನ ಕಾಳಿನಲ್ಲಿರುವುದೂ ಅದೇ ವಸ್ತುವೆಂದೂ ತೋರಿಸಿಕೊಟ್ಟರು. ಒಂದು ಲೀಟರ್ ವೈನಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ 16 ಭಾಗವಿದ್ದರೂ ಮೂಗು ಅದನ್ನು ಗುರುತಿಸಬಲ್ಲದು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದು ಹೆಚ್ಚಿನ ಪ್ರಮಾಣದಲ್ಲಿದ್ದರೂ ತಿಳಿಯುವುದಿಲ್ಲ. ಹಣ್ಣು ಮಾಗುವ ಕಾಲದಲ್ಲಿ ಗೊಂಚಲಿನ ಬಿಸಿ 25 ಡಿಗ್ರಿ ಮೀರಿದಷ್ಟೂ ಈ ವಸ್ತು ಕಡಿಮೆಯಾಗುತ್ತದೆಂದು ನಂತರದ ಅಧ್ಯಯನಗಳು ಹೇಳುತ್ತವೆ. ಹವೆ ತಂಪಾಗಿದ್ದರೆ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ, ಸಕ್ಕರೆ ಮಿತಿಯಲ್ಲಿರುತ್ತದೆ, ಮೆಣಸಿನ ಪರಿಮಳ ನಿಲ್ಲುತ್ತದೆ. ಬಿಸಿ ಹೆಚ್ಚಿದರೆ ಸಕ್ಕರೆ ಮುಂದೋಡುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಜಾಮ್‌ನ ಸಿಹಿಗೆ ತಿರುಗುತ್ತದೆ.

ವೈನ್ ತಯಾರಿಕೆಯ ಕ್ರಮ ಸರಳವಾಗಿದೆ. ಕೈಯಿಂದ ಕೊಯ್ದ ಗೊಂಚಲುಗಳನ್ನು ಕೆಲವರು ತೊಟ್ಟಿನ ಸಮೇತ, ಕೆಲವರು ತೊಟ್ಟು ಬಿಡಿಸಿ ತೊಟ್ಟಿಗೆ ತುಂಬುತ್ತಾರೆ. ವಿಯೋನ್ಯೆ ಎಂಬ ಬಿಳಿ ದ್ರಾಕ್ಷಿಯನ್ನು ನೂರಕ್ಕೆ 20ರವರೆಗೆ ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಮೇಲೆ ತೇಲುವ ಸಿಪ್ಪೆಯನ್ನು ದಿನವೂ ಕೆಳಕ್ಕೆ ಒತ್ತುತ್ತಿರಬೇಕು. ಬಣ್ಣ ಬರುವುದು ಸಿಪ್ಪೆಯಿಂದಲೇ. ಎರಡು ಮೂರು ವಾರಗಳ ನಂತರ ರಸವನ್ನು ಹಿಂಡಿ ಓಕ್ ಮರದ ಪೀಪಾಯಿಗಳಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾಗಳು ಹಸಿ ಸೇಬಿನ ಬಗೆಯ ತೀಕ್ಷ್ಣ ಹುಳಿಯನ್ನು ಮೊಸರಿನ ಬಗೆಯ ಮೃದು ಹುಳಿಯಾಗಿ ಬದಲಿಸುತ್ತವೆ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಕಾಯುವುದುಂಟು. ಆದರೆ ಬೆಟ್ಟದ ಮೇಲೆ ಹಣ್ಣು ಹೇಗೆ ಮಾಗಿತೆಂಬುದನ್ನು ಪೀಪಾಯಿ ತಿದ್ದಲಾರದು.

ಈ ಬೆಟ್ಟ ಒಮ್ಮೆ ಹೆಚ್ಚುಕಡಿಮೆ ಪಾಳುಬಿದ್ದಿತ್ತು. 1860ರ ದಶಕದಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಬಂದ ಫಿಲಾಕ್ಸೆರಾ ಎಂಬ ಬೇರು ಹೇನು ಬಳ್ಳಿಗಳನ್ನು ಕೊಂದಿತು. ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿ ಚೇತರಿಸಿಕೊಳ್ಳುತ್ತಿರುವಾಗ ಮೊದಲನೆಯ ಮಹಾಯುದ್ಧ ಹಳ್ಳಿಗಳ ಯುವಕರನ್ನು ನುಂಗಿತು. ಉಳಿದವರನ್ನು ಕಣಿವೆಯ ಕಾರ್ಖಾನೆಗಳು ಸೆಳೆದವು. ನದಿಯಂಚಿನ ಸಮತಟ್ಟಿನಲ್ಲಿ ತರಕಾರಿ ಮತ್ತು ಏಪ್ರಿಕಾಟ್ ಬೆಳೆದರೆ ಬೆನ್ನು ಮುರಿಯದೆ ಹಣ ಬರುತ್ತಿತ್ತು. 1940ರಲ್ಲಿ ಸರ್ಕಾರ ಈ ವೈನಿನ ಹೆಸರಿಗೆ ಪ್ರದೇಶದ ರಕ್ಷಣೆಯನ್ನು ನೀಡಿದರೂ ಕೂಲಿಗೆ ತಕ್ಕ ಬೆಲೆ ಬರಲಿಲ್ಲ. 1970ರ ಆಸುಪಾಸಿಗೆ ತೋಟ ನೂರು ಹೆಕ್ಟೇರಿಗಿಂತ ಕಡಿಮೆಗೆ ಇಳಿದಿತ್ತು. ಗೋಡೆಗಳು ಕುಸಿದವು, ಪೊದೆ ಆವರಿಸಿತು.

ಇಂದು ಅಲ್ಲಿ ಮುನ್ನೂರು ಹೆಕ್ಟೇರಿಗೂ ಹೆಚ್ಚು ತೋಟವಿದೆ. ಬೆಟ್ಟವನ್ನು ಉಳಿಸಿದ್ದು ಉಪದೇಶವಲ್ಲ, ಬೆಲೆ. ಗೋಡೆ ಕಟ್ಟುವವನ ಶ್ರಮ ಬಾಟಲಿಯ ಬೆಲೆಯಲ್ಲಿ ಸೇರಿದ ಮೇಲೆ ಮಕ್ಕಳು ತೋಟಕ್ಕೆ ಮರಳಿದರು. ಆದರೆ ಬೆಲೆ ಬಂದೊಡನೆ ಅಡ್ಡದಾರಿಗಳೂ ಬಂದವು. ಗುದ್ದಲಿಯ ಬದಲು ಕಳೆನಾಶಕ ಬಂದಿತು. ಬೇರಿಲ್ಲದ ಬೋಳು ಮಣ್ಣು ಮಳೆಗೆ ಇನ್ನೂ ಸುಲಭವಾಗಿ ಜಾರಿತು. ಬೆಟ್ಟದ ನೆತ್ತಿಯ ಸಮತಟ್ಟಿನಲ್ಲಿ ಬಳ್ಳಿ ನೆಟ್ಟು ಅದೇ ಹೆಸರಿನಲ್ಲಿ ಮಾರುವುದು ಸರಿಯೇ ಎಂಬ ವಿವಾದ ಎದ್ದಿತು. ಈಗ ಹಲವು ರೈತರು ಕಳೆನಾಶಕವನ್ನು ಬಿಟ್ಟು ಗುದ್ದಲಿಗೆ, ಹಗ್ಗದಿಂದ ನೇಗಿಲನ್ನು ಎಳೆಯುವ ವಿಂಚ್ ಯಂತ್ರಕ್ಕೆ ಮರಳಿದ್ದಾರೆ. 2018ರಲ್ಲಿ ಯುನೆಸ್ಕೊ ಫ್ರಾನ್ಸ್ ಸೇರಿದಂತೆ ಎಂಟು ಯುರೋಪಿಯನ್ ದೇಶಗಳ ಒಣಕಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೋಡೆಯಿಂದ ತಡೆಯಲಾಗದ ಅಪಾಯವೊಂದು ಈಗ ಎದುರಿಗಿದೆ. ಹಿಂದೆ ತಂಪು ಹವೆಯಲ್ಲಿ ಹಣ್ಣು ಮಾಗುವುದೇ ಕಷ್ಟವಾಗಿದ್ದಾಗ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಹೀರುವ ಇಳಿಜಾರು ವರವಾಗಿತ್ತು. ‘ಸುಟ್ಟ ಇಳಿಜಾರು’ ಎಂಬ ಹೆಸರು ಹೆಮ್ಮೆಯದಾಗಿತ್ತು. ಈಗ ಆ ಹೆಸರೇ ಎಚ್ಚರಿಕೆಯಂತೆ ಕೇಳುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಅಥವಾ ಅಕ್ಟೋಬರಿನಲ್ಲಿ ನಡೆಯುತ್ತಿದ್ದ ಕೊಯ್ಲು 2003ರ ಬೇಗೆಯಲ್ಲಿ ಆಗಸ್ಟ್ ತಿಂಗಳಿನಲ್ಲೇ ಆರಂಭವಾಯಿತು. ಅದೇ ದೇಶದ ಬೋನ್ ಪಟ್ಟಣದಲ್ಲಿ 1354ರಿಂದ ಕೊಯ್ಲಿನ ದಿನಗಳ ದಾಖಲೆ ಉಳಿದಿದೆ. 2019ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ 1988ರಿಂದ ಈಚೆಗೆ ಅಲ್ಲಿನ ಕೊಯ್ಲು ಹಿಂದಿನ ಶತಮಾನಗಳಿಗಿಂತ ಸರಾಸರಿ 13 ದಿನ ಮುಂಚಿತವಾಗಿದೆ.

ಮಿತ್ರರೇ, ಮಲೆನಾಡಿನಲ್ಲಿ ದ್ರಾಕ್ಷಿ ನೆಡಬೇಕೆಂದು ಯಾರೂ ಈ ಕಥೆಯಿಂದ ತೀರ್ಮಾನಿಸಬಾರದು. ಆಂಪ್ವೀಯಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ, ಆಗುಂಬೆಯಲ್ಲಿ 7000 ಮಿ.ಮೀ. ಮೀರುತ್ತದೆ. ಒಂದು ಬೆಟ್ಟದ ಬೆಳೆಯನ್ನು ಇನ್ನೊಂದು ಬೆಟ್ಟಕ್ಕೆ ಹೊರಿಸಲಾಗದು. ಹೊರಬಹುದಾದದ್ದು ಅನುಭವವನ್ನು. ಜೆಸಿಬಿ ಧರೆ ಕಡಿದ ಮೇಲೆ ಏನಾಗುತ್ತದೆಂಬುದನ್ನು 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗು ಕಂಡಿದೆ. ಮಳೆಗಾಲಕ್ಕೆ ಮುನ್ನ ಸಡಿಲವಾದ ಕಲ್ಲನ್ನು ಮತ್ತೆ ಕೂರಿಸುವುದು, ತೋಟದ ನೆಲವನ್ನು ಬೋಳಾಗಿಸದಿರುವುದು, ಇಳಿಜಾರಿನ ದುಡಿಮೆಗೆ ತಕ್ಕ ಬೆಲೆಯನ್ನು ಒಟ್ಟಾಗಿ ಕೇಳುವುದು ರೈತರ ಕೈಯಲ್ಲಿದೆ. ವಿದ್ಯಾರ್ಥಿಗಳ ಪಾಲಿಗೂ ಒಂದು ಕೆಲಸವಿದೆ. ಮೆಣಸಿನ ಬಳ್ಳಿ ಯಾವ ದಿನ ಹೂಗರೆ ಬಿಟ್ಟಿತು, ಕೊಯ್ಲು ಎಂದು ಆರಂಭವಾಯಿತು, ಮೊದಲ ಮಳೆ ಎಂದು ಬಿದ್ದಿತು ಎಂಬುದನ್ನು ಒಂದು ಪುಸ್ತಕದಲ್ಲಿ ಪ್ರತಿ ವರ್ಷವೂ ಬರೆದಿಡಲಿ. ಬೋನ್‌ನ ಗುಮಾಸ್ತರು ಕೊಯ್ಲಿನ ದಿನವನ್ನು ಬರೆದಿಡದಿದ್ದರೆ ಬಿಸಿ ಎಷ್ಟು ಏರಿತೆಂದು ಆರು ನೂರು ವರ್ಷಗಳ ನಂತರ ಅಳೆಯಲು ಆಧಾರವೇ ಇರುತ್ತಿರಲಿಲ್ಲ.